ಸರಿಯಾದ ಇನ್‌ಪುಟ್

ನಲವತ್ತು, ಹತ್ತು, ಮೂವತ್ತು, ಇಪ್ಪತ್ತು, ಐವತ್ತು. ಈ ಐದು ಅಂಕಿಗಳನ್ನು ಎಲ್ಲಾದರೂ ಒಟ್ಟಿಗೆ ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಅಂಕಿಗಳದ್ದೇನೂ ತಪ್ಪಿಲ್ಲ, ಪಾಪ. ಅವನ್ನು ಮುಂದಿಟ್ಟುಕೊಂಡು ಒಂದು ಇಡೀ ಕಾಲೇಜು ಕಣ್ಣು ಮುಚ್ಚಿ ಕೂತಿತ್ತಲ್ಲ, ಆ ಸಿಟ್ಟು ಇವುಗಳ ಮೇಲೆ ಹೊರಳುತ್ತದೆ.

ನಾನು ಶಿಡ್ಲಘಟ್ಟದವಳು. ರೇಷ್ಮೆ ನೂಲು ತೆಗೆಯುವ ಮನೆ ನಮ್ಮದು. ಹೊಸ್ತಿಲೊಳಗೆ ಉರ್ದು, ಹೊಸ್ತಿಲಾಚೆ ಕನ್ನಡ, ಗೂಡಿನ ಮಾರುಕಟ್ಟೆಗೆ ಹೋದರೆ ಅರ್ಧ ತೆಲುಗು. ಹತ್ತನೇ ತರಗತಿಯವರೆಗೆ ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲೇ ಓದಿ, ಪಿಯುಸಿಯಲ್ಲಿ ಇಂಗ್ಲಿಷಿನ ಕೈಲಿ ಚೆನ್ನಾಗಿ ಒದೆ ತಿಂದು, ಕೊನೆಗೆ ಚಿಕ್ಕಬಳ್ಳಾಪುರದ ಹೊರಗಿರುವ ಒಂದು ಎಂಜಿನಿಯರಿಂಗ್ ಕಾಲೇಜಿಗೆ ಸೇರಿದೆ. ಬೇಕಾಗಿದ್ದು ಕಂಪ್ಯೂಟರ್ ಸೈನ್ಸ್. ನನ್ನ ರ‍್ಯಾಂಕಿಗೆ ಸಿಕ್ಕಿದ್ದು ಸಿವಿಲ್. ಆದರೆ ಕಾಲೇಜಿನಲ್ಲಿ ಒಂದು ನಿಯಮವಿತ್ತು: ಮೊದಲ ವರ್ಷದ ಎಲ್ಲ ಪರೀಕ್ಷೆಗಳನ್ನೂ ಮೊದಲ ಸಲಕ್ಕೇ ಪಾಸು ಮಾಡಿ ಒಳ್ಳೆಯ ಅಂಕ ತೆಗೆದವರು, ಸೀಟು ಖಾಲಿ ಇದ್ದರೆ, ಎರಡನೇ ವರ್ಷಕ್ಕೆ ಬೇರೆ ವಿಭಾಗಕ್ಕೆ ಹೋಗಬಹುದು. ಕಂಪ್ಯೂಟರ್ ಸೈನ್ಸಿನಲ್ಲಿ ಒಬ್ಬ ಕಾಲೇಜು ಬಿಟ್ಟುಹೋಗಿ ಒಂದು ಸೀಟು ಖಾಲಿಯಾಗಿತ್ತು. ದಿನಾ ಬೆಳಗ್ಗೆ ನಾನು ಬಸ್ಸು ಹತ್ತುತ್ತಿದ್ದುದು ಆ ಒಂದು ಸೀಟಿನ ಮೇಲೆ ಕಣ್ಣಿಟ್ಟು.

ಸಿವಿಲ್ ಇರಲಿ, ಮೆಕ್ಯಾನಿಕಲ್ ಇರಲಿ, ಮೊದಲ ವರ್ಷದಲ್ಲಿ ಎಲ್ಲರೂ ಪ್ರೋಗ್ರಾಮಿಂಗ್ ಕಲಿಯಬೇಕು. ಸಮಸ್ಯೆಯೊಂದನ್ನು ಬಿಡಿಸಿ ಬಿಡಿಸಿ ಸಣ್ಣದು ಮಾಡಿ, ಯಂತ್ರಕ್ಕೆ ತಿಳಿಯುವ ಹಾಗೆ ಹೇಳುವ ವಿದ್ಯೆ ಅದು ಎಂದು ಮೊದಲ ದಿನ ಮೇಡಂ ಹೇಳಿದರು. ಆ ಮಾತು ನನಗೆ ಎಷ್ಟು ಹಿಡಿಸಿತೆಂದರೆ, ಮನೆಗೆ ಹೋಗಿ ಅಮ್ಮಿಗೆ, ಅಜ್ಜಿಗೆ, ಅಂದರೆ ನಮ್ಮ ದಾದಿಗೆ, ಕೇಳದೆ ಇದ್ದ ಅಬ್ಬಾಗೆ ಎಲ್ಲರಿಗೂ ಅದನ್ನೇ ಹೇಳಿದೆ. ಎರಡನೇ ದಿನ ಮೇಡಂ ಮ್ಯಾನುಯಲ್ ಹಂಚಿದರು. ಅಲ್ಲಿಗೆ ಸಮಸ್ಯೆ ಬಿಡಿಸುವ ಮಾತು ಮುಗಿಯಿತು.

ಮ್ಯಾನುಯಲ್ ಎಂದರೆ ವರ್ಷ ವರ್ಷ ಜೆರಾಕ್ಸ್ ಆಗುತ್ತ ಬಂದ, ಸುರುಳಿ ತಂತಿ ಹಾಕಿದ ಒಂದು ಪುಸ್ತಕ. ಲ್ಯಾಬ್ ಪರೀಕ್ಷೆಗೆ ಬರುವ ಪ್ರೋಗ್ರಾಮುಗಳೆಲ್ಲ ಅದರಲ್ಲಿ ಬರೆದೇ ಇರುತ್ತವೆ. ಪ್ರತಿಯೊಂದರ ಕೆಳಗೆ ಯಾವ ಇನ್‌ಪುಟ್ ಕೊಡಬೇಕು, ಯಾವ ಉತ್ತರ ಬರಬೇಕು ಎಂಬುದೂ ಇರುತ್ತದೆ. ಪರೀಕ್ಷೆಯ ದಿನ ಡಬ್ಬದಿಂದ ಚೀಟಿ ಎತ್ತಬೇಕು. ಬಂದ ಪ್ರೋಗ್ರಾಮನ್ನು ಮೊದಲು ಕಾಗದದ ಮೇಲೆ ಬರೆದುಕೊಡಬೇಕು. ಬೇರೆ ಕಾಲೇಜಿನಿಂದ ಬಂದ ಪರೀಕ್ಷಕರು ಅದನ್ನು ಮ್ಯಾನುಯಲ್ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ತಾಳೆ ನೋಡಿ, ಸರಿ ಎಂದ ಮೇಲೇ ಕಂಪ್ಯೂಟರ್ ಮುಟ್ಟಲು ಅಪ್ಪಣೆ. ಹೀಗಿರುವಾಗ ಯೋಚನೆ ಮಾಡುವವರು ದಡ್ಡರು. ಬಾಯಿಪಾಠ ಮಾಡಬೇಕು, ಕಕ್ಕಬೇಕು, ಮನೆಗೆ ಹೋಗಬೇಕು.

ನಮ್ಮ ಬೆಳಗಿನ ಬಸ್ಸು ಚಿಂತಾಮಣಿಯಿಂದ ಬರುತ್ತಿತ್ತು. ಅದರಲ್ಲಿ ನನ್ನ ಗೆಳತಿ ನನಗೊಂದು ಜಾಗ ಹಿಡಿದು ಕೂತಿರುತ್ತಿದ್ದಳು. ಚಿಂತಾಮಣಿಯವಳು, ಮನೆಮಾತು ತೆಲುಗು, ನನ್ನ ಜೊತೆ ಸಿವಿಲ್ಲಿನಲ್ಲೇ ಇದ್ದವಳು. ಬಸ್ಸಿನ ಹಿಂದಿನ ಸೀಟುಗಳಲ್ಲಿ ನಮ್ಮ ಕಾಲೇಜಿನ ಹುಡುಗಿಯರು ಮಗ್ಗಿ ಹೇಳುವ ರಾಗದಲ್ಲಿ ಪ್ರೋಗ್ರಾಮು ಹೇಳುತ್ತಿದ್ದರು. “ಫಾರ್ ಜೆ ಈಕ್ವಲ್ ಟು ಜೀರೋ, ಜೆ ಲೆಸ್ ದ್ಯಾನ್ ಎನ್ ಮೈನಸ್ ಐ ಮೈನಸ್ ಟೂ...” ಒಬ್ಬಳು ತಪ್ಪಿದರೆ ಇನ್ನೊಬ್ಬಳು ತೊಡೆಗೆ ಚಿವುಟುತ್ತಿದ್ದಳು. ಕಂಡಕ್ಟರಿಗೂ ಅರ್ಧ ಬರುತ್ತಿತ್ತು. “ಏನಮ್ಮ, ಇವತ್ತು ಮೈನಸ್ ಟೂ ಮುಗೀತಾ?” ಅಂತ ಕಿಚಾಯಿಸುತ್ತಿದ್ದ.

ಆ ಮೈನಸ್ ಟೂ ಇದ್ದದ್ದು ಅಂಕಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸುವ ಪ್ರೋಗ್ರಾಮಿನಲ್ಲಿ. ಅದರ ಕೆಲಸ ಏನೂ ದೊಡ್ಡ ಗುಟ್ಟಲ್ಲ. ಶಾಲೆಯಲ್ಲಿ ಪಿಟಿ ಮೇಷ್ಟ್ರು ಪ್ರಾರ್ಥನೆಗೆ ಮಕ್ಕಳನ್ನು ಎತ್ತರದ ಪ್ರಕಾರ ನಿಲ್ಲಿಸುವುದನ್ನು ನೆನೆಸಿಕೊಂಡರೆ ಸಾಕು. ಮುಂದಿನಿಂದ ಶುರುಮಾಡಿ ಅಕ್ಕಪಕ್ಕದ ಇಬ್ಬರನ್ನು ನೋಡುತ್ತಾರೆ. ಎತ್ತರದವನು ಮುಂದಿದ್ದರೆ ಹಿಂದಕ್ಕೆ ತಳ್ಳುತ್ತಾರೆ. ಹೀಗೆ ಸಾಲಿನ ಕೊನೆಯವರೆಗೆ ಹೋಗಿ, ಮತ್ತೆ ಮುಂದಿನಿಂದ ಶುರು. ಕೆಲವು ಸುತ್ತಿನಲ್ಲಿ ಸಾಲು ಸರಿಹೋಗುತ್ತದೆ. ಎಲ್ಲಿಯವರೆಗೆ ನೋಡುತ್ತ ಹೋಗಬೇಕು ಎಂದು ಯಂತ್ರಕ್ಕೆ ಹೇಳುವ ಜಾಗವೇ ಆ ಮೈನಸ್.

ಒಂದು ದಿನ ಲ್ಯಾಬಿನಲ್ಲಿ ನನ್ನ ಕೆಲಸ ಬೇಗ ಮುಗಿಯಿತು. ನಲವತ್ತು, ಹತ್ತು, ಮೂವತ್ತು, ಇಪ್ಪತ್ತು, ಐವತ್ತು ಹಾಕಿದೆ; ಹತ್ತರಿಂದ ಐವತ್ತರವರೆಗೆ ಸಾಲಾಗಿ ಬಂತು; ಮೇಡಂ ರೈಟ್ ಹಾಕಿದರು. ಅರವತ್ತು ಜನರ ಲ್ಯಾಬಿನಲ್ಲಿ ಅರವತ್ತು ಪರದೆಗಳ ಮೇಲೂ ಅದೇ ಐದು ಅಂಕಿ. ಬೇಸರಕ್ಕೆ ನನ್ನ ಮನೆಯವರ ವಯಸ್ಸು ಹಾಕಿದೆ. ಹಿರಿಯರಿಂದ ಶುರು, ನಮ್ಮಲ್ಲಿ ಊಟಕ್ಕೆ ಕರೆಯುವ ಹಾಗೆ. ಮೊದಲು ದಾದಿ. ಆಧಾರ್ ಕಾರ್ಡಿನ ಪ್ರಕಾರ ಅವರಿಗೆ ಅರವತ್ತೆಂಟು. ದಾದಿಯ ಪ್ರಕಾರ ಆಧಾರ್ ಮಾಡಿದವನಿಗೆ ತಲೆ ಇಲ್ಲ. ಆಮೇಲೆ ಅಬ್ಬಾ, ಅಮ್ಮಿ, ನಾನು, ಕೊನೆಗೆ ಎರಡು ವರ್ಷದ ಅಕ್ಕನ ಮಗಳು.

ಉತ್ತರದಲ್ಲಿ ನಾನು ಮೊದಲು ಬಂದೆ. ಆಮೇಲೆ ಅಮ್ಮಿ, ಅಬ್ಬಾ, ದಾದಿ. ದಾದಿಯ ಆಚೆ, ಎಲ್ಲರಿಗಿಂತ ಹಿರಿಯಳಾಗಿ, ಹಾಲು ಕುಡಿಯುವ ಮಗು ನಿಂತಿತ್ತು.

ನನಗೆ ಜೋರಾಗಿ ನಗು ಬಂತು. ಟೈಪು ಮಾಡುವಾಗ ಎಡವಿದೆ ಎಂದುಕೊಂಡು ಅಕ್ಷರ ಅಕ್ಷರ ಮ್ಯಾನುಯಲ್ಲಿಗೆ ಹೋಲಿಸಿದೆ. ಎಲ್ಲ ಸರಿಯಾಗೇ ಇತ್ತು. ಆಗ ಮೊದಲ ಸಲ ಬಾಯಿಪಾಠ ಬಿಟ್ಟು, ಬೆರಳಿಟ್ಟುಕೊಂಡು, ಪಿಟಿ ಮೇಷ್ಟ್ರ ಹಾಗೆ ಸಾಲಿನುದ್ದಕ್ಕೂ ನಡೆದು ನೋಡಿದೆ. ಮೈನಸ್ ಟೂ ಅಂದರೆ ಮೇಷ್ಟ್ರು ಒಬ್ಬನ ಮುಂಚೆಯೇ ನಿಂತುಬಿಡುತ್ತಿದ್ದರು. ಸಾಲಿನ ಕೊನೆಯವನನ್ನು ಅವರು ನೋಡುತ್ತಲೇ ಇರಲಿಲ್ಲ. ಮ್ಯಾನುಯಲ್ಲಿನ ಇನ್‌ಪುಟ್‌ನಲ್ಲಿ ಐವತ್ತು ಮೊದಲೇ ಕೊನೆಗೆ ನಿಂತಿತ್ತು, ದೊಡ್ಡದಾಗಿತ್ತು, ಹಾಗಾಗಿ ಯಾರಿಗೂ ಗೊತ್ತಾಗಿರಲಿಲ್ಲ. ಟೂ ತೆಗೆದು ಒನ್ ಹಾಕಿದೆ. ಮಗು ಓಡಿ ಬಂದು ಮೊದಲು ನಿಂತಿತು.

ಆ ಗಳಿಗೆಯ ಖುಷಿ ಏನೆಂದು ಹೇಳಲಿ. ಯಾರೂ ಹೇಳಿಕೊಡದೆ, ಯಾವ ಪುಸ್ತಕದಲ್ಲೂ ಇಲ್ಲದೆ, ನನ್ನ ತಲೆಯೊಂದರಿಂದಲೇ ಹೊರಬಂದದ್ದು. ಕಂಪ್ಯೂಟರ್ ಸೈನ್ಸ್ ನನ್ನದು, ನನ್ನದೇ, ಎಂದು ಅವತ್ತು ನಿಜವಾಗಿ ಅನ್ನಿಸಿತು.

ಮೇಡಮ್ಮನ್ನು ಕರೆದು ಎರಡನ್ನೂ ಓಡಿಸಿ ತೋರಿಸಿದೆ. ಅವರು ಚಿಕ್ಕ ವಯಸ್ಸಿನವರು, ನಮಗಿಂತ ಏಳೆಂಟು ವರ್ಷಕ್ಕೆ ದೊಡ್ಡವರಿರಬಹುದು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಪರದೆಯನ್ನೇ ನೋಡುತ್ತ ನಿಂತರು. ಅವರಿಗೆ ತಿಳಿಯಿತು. ಅದು ನನಗೆ ಚೆನ್ನಾಗಿ ಗೊತ್ತು, ಯಾಕೆಂದರೆ ಅವರ ಬೆರಳೂ ನನ್ನ ಬೆರಳಿನ ಹಾಗೇ ಸಾಲಿನುದ್ದಕ್ಕೂ ನಡೆದು ಕೊನೆಯಲ್ಲಿ ನಿಂತಿತು.

“ಹೌದಲ್ಲಮ್ಮ,” ಅಂದರು. ಆಮೇಲೆ ದನಿ ತಗ್ಗಿಸಿದರು. “ಈಗ ಮ್ಯಾನುಯಲ್ ಬದಲಾಯಿಸೋಕೆ ಆಗಲ್ಲ. ಎಚ್ಓಡಿ ಸಾರ್ ಸೈನ್ ಹಾಕಿ ಆಗಿದೆ. ರೆಕಾರ್ಡಲ್ಲಿ ಎರಡು ಅಂತಾನೇ ಬರಿ. ಪರೀಕ್ಷೇಲಿ ಈ ಪ್ರೋಗ್ರಾಮ್ ಬಂದ್ರೆ ಸರಿಯಾಗಿರೋದನ್ನೇ ಬರಿ, ನಾನಿರ್ತೀನಲ್ಲ, ಎಕ್ಸಾಮಿನರ್‌ಗೆ ಹೇಳ್ತೀನಿ.”

ತಪ್ಪಿನ ಮೇಲೆ ನನಗೆ ಆಗಲೂ ಸಿಟ್ಟಿರಲಿಲ್ಲ, ಈಗಲೂ ಇಲ್ಲ. ಯಾವ ಕಾಲದಲ್ಲೋ ಯಾರೋ ಒಂದು ಅಂಕಿ ತಪ್ಪು ಒತ್ತಿರುತ್ತಾರೆ. ನಾನು ದಿನಕ್ಕೆ ಅಂಥದ್ದು ಹತ್ತು ಒತ್ತುತ್ತೇನೆ. ಆದರೆ ವರ್ಷ ವರ್ಷ, ತಂಡ ತಂಡ, ಓದಿಸುವವರು ಓದುವವರು ಎಲ್ಲ ಸೇರಿ ಬೇರೆ ಒಂದೇ ಒಂದು ಅಂಕಿ ಹಾಕಿ ನೋಡಲಿಲ್ಲ ಎಂದರೆ ಏನರ್ಥ? ಹೊಸ ಒಲೆ ತಂದರೆ ನಮ್ಮ ಅಮ್ಮಿ ಮೊದಲು ಒಂದು ಲೋಟ ನೀರಿಟ್ಟು ನೋಡುತ್ತಾರೆ. ಇಲ್ಲಿ ಎಂಜಿನಿಯರುಗಳನ್ನು ತಯಾರು ಮಾಡುವ ಜಾಗದಲ್ಲಿ ಯಾರಿಗೂ ಅಷ್ಟು ಕುತೂಹಲ ಇರಲಿಲ್ಲ.

ಗೆಳತಿಗೆ ಬಸ್ಸಿನಲ್ಲಿ ಹೇಳಿದೆ. ಅವಳು ಕೇಳಿಸಿಕೊಂಡಳು, ನಕ್ಕಳು, ಆಮೇಲೆ ಗಂಭೀರಳಾದಳು. “ನೀನು ಎರಡೇ ಬರಿಯೇ. ಏಮೌತುಂದಿ, ಏನಾಗುತ್ತೆ? ಒಂದು ಅಂಕಿ ತಾನೇ? ಸೀಟು ಸಿಕ್ಕಿದ್ಮೇಲೆ ಎಷ್ಟು ಬೇಕೋ ಅಷ್ಟು ಸರಿ ಮಾಡ್ಕೊ ಕಣೇ.”

“ಮೇಡಂ ಹೇಳ್ತಾರಂತೆ,” ಅಂದೆ.

“ಹೇಳ್ತಾರೆ, ಹೇಳ್ತಾರೆ,” ಎಂದು ಅವಳು ಕಿಟಕಿಯ ಕಡೆ ತಿರುಗಿದಳು.

ಪರೀಕ್ಷೆಯ ದಿನ ಡಬ್ಬದಿಂದ ಎತ್ತಿದ ಚೀಟಿಯಲ್ಲಿ ಅದೇ ಪ್ರೋಗ್ರಾಮು ಬಂತು. ಆಚೆ ಸಾಲಿನಲ್ಲಿ ಕೂತಿದ್ದ ಗೆಳತಿ ನನ್ನ ಮುಖ ನೋಡಿಯೇ ತಿಳಿದುಕೊಂಡು, ಕೆನ್ನೆಗೆ ಕೈ ಹಚ್ಚಿ ಎರಡು ಬೆರಳು ತೋರಿಸಿದಳು. ನಾನು ಮೇಡಂ ಕಡೆ ನೋಡಿದೆ. ಅವರು ತಲೆಯಾಡಿಸಿದ ಹಾಗೆ ಕಂಡಿತು. ಮೈನಸ್ ಒನ್ ಎಂದು ಬರೆದು ಕಾಗದ ಕೊಟ್ಟೆ.

ಪರೀಕ್ಷಕರು ನಡುವಯಸ್ಸಿನವರು. ಗೌರಿಬಿದನೂರಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಬಂದಾಗಿನಿಂದ ವಿಚಾರಿಸುತ್ತಿದ್ದರು. ಮ್ಯಾನುಯಲ್ ಪಕ್ಕದಲ್ಲಿ ನನ್ನ ಕಾಗದ ಇಟ್ಟುಕೊಂಡು ಪೆನ್ನನ್ನು ಸಾಲು ಸಾಲಾಗಿ ಇಳಿಸಿದರು. ಪೆನ್ನು ನಿಂತಿತು. ನನ್ನ ಒಂದರ ಸುತ್ತ ಕೆಂಪು ಸೊನ್ನೆ ಬಿತ್ತು.

“ಇದೇನಮ್ಮ, ಇಲ್ಲಿ ಒಂದು ಬರ್ದಿದ್ದೀಯ?”

“ಸಾರ್, ಒಂದೇ ಸರಿ. ಎರಡು ಹಾಕಿದ್ರೆ ಕೊನೇ ಅಂಕೀನ ಅದು ನೋಡೋದೇ ಇಲ್ಲ.”

“ಮ್ಯಾನುಯಲ್ಲಲ್ಲಿ ಎರಡಿದೆ.”

“ಮ್ಯಾನುಯಲ್ ತಪ್ಪು ಸಾರ್. ಒಂದ್ಸಲ ಓಡಿಸಿ ತೋರಿಸ್ತೀನಿ.”

ಸಾರ್ ಮುಖ ಬಿಗಿದುಕೊಂಡಿತು. “ಮೇಡಂ, ನೀವು ಮ್ಯಾನುಯಲ್ಲಲ್ಲಿರೋದನ್ನ ಓಡಿಸಿ. ನೋಡೇಬಿಡಣ.”

ನನ್ನ ಎದೆ ಹಗುರಾಯಿತು. ಮೇಡಂ ಕಂಪ್ಯೂಟರ್ ಮುಂದೆ ಕೂತರು. ಪ್ರೋಗ್ರಾಮು ಅವರಲ್ಲಿ ತಯಾರಿತ್ತು. ಓಡಿಸಿದರು. ಪರದೆ ಅಂಕಿಗಳನ್ನು ಕೇಳಿತು.

“ಸರಿಯಾದ ಇನ್‌ಪುಟ್ ಹಾಕಿ,” ಎಂದರು ಸಾರ್, ಮ್ಯಾನುಯಲ್ಲಿನ ಹಾಳೆಯ ಕೆಳಗೆ ಬೆರಳಿಟ್ಟು.

ಮೇಡಂ ಹಾಕಿದರು. ನಲವತ್ತು, ಹತ್ತು, ಮೂವತ್ತು, ಇಪ್ಪತ್ತು, ಐವತ್ತು. ಹತ್ತರಿಂದ ಐವತ್ತರವರೆಗೆ, ಚೊಕ್ಕವಾಗಿ, ಸಾಲಾಗಿ ಬಂತು.

“ನೋಡಮ್ಮ,” ಎಂದರು ಸಾರ್.

“ಐವತ್ತನ್ನ ಮೊದ್ಲು ಹಾಕಿ ಮೇಡಂ,” ಎಂದೆ. “ಒಂದೇ ಒಂದ್ಸಲ. ಐವತ್ತನ್ನ ಮೊದ್ಲು ಹಾಕಿ.”

ಮೇಡಂ ಬೆರಳುಗಳು ಕೀಲಿಮಣೆಯ ಮೇಲೇ ಇದ್ದವು. ಐದು, ಸೊನ್ನೆ. ಆ ಎರಡು ಕೀಲಿಯಿಂದ ಶುರುಮಾಡಿದ್ದರೆ ಸಾಕಿತ್ತು. ಅವರು ನನ್ನನ್ನು ನೋಡಲಿಲ್ಲ. ಸಾರ್ ಮುಖ ನೋಡಿದರು. ಸಾರ್ ಗಡಿಯಾರ ನೋಡಿದರು. “ಟೈಮಾಯ್ತು ಮೇಡಂ, ಇನ್ನೂ ಎಷ್ಟು ಜನ ಇದಾರೆ.” ಮೇಡಂ ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು.

ಆ ಕೈ ಮೇಲೆದ್ದು ಮಡಿಲಿಗೆ ಇಳಿದದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಸಾರ್‌ಗೆ ಗೊತ್ತಿರಲಿಲ್ಲ, ಗೊತ್ತಿಲ್ಲದ ಮನುಷ್ಯನ ಮೇಲೆ ಎಷ್ಟೆಂದು ಸಿಟ್ಟಾಗಲಿ? ಮೇಡಮ್ಮಿಗೆ ಗೊತ್ತಿತ್ತು. ಗೊತ್ತಿದ್ದೂ ಕೂತರು. ಕೆಲಸ ಹೋಗುವ ಭಯ ಇದ್ದಿರಬಹುದು, ಇತ್ತು ಅಂತಲೇ ಇಟ್ಟುಕೊಳ್ಳೋಣ. ಹಾಗಿದ್ದರೆ ನನಗೆ ಮಾತು ಕೊಡಬಾರದಿತ್ತು. ನಾನಿರ್ತೀನಲ್ಲ ಎಂದು ಹೇಳಿ, ಇದ್ದೂ ಇಲ್ಲದವರ ಹಾಗೆ ಕೂರುವುದನ್ನು ಎಲ್ಲಿ ಕಲಿಸುತ್ತಾರೋ ನನಗೆ ಗೊತ್ತಿಲ್ಲ.

ಸಾರ್ ಕೆಟ್ಟವರೇನಲ್ಲ. ಕಾಗದ ಹಿಂದಕ್ಕೆ ತಳ್ಳಿ, “ಎರಡು ಅಂತ ತಿದ್ದಿ ಕೊಡಮ್ಮ. ಅಂಕ ಕೊಡ್ತೀನಿ, ಹೋಗು,” ಎಂದರು.

“ತಿದ್ದಲ್ಲ ಸಾರ್.”

ಇದನ್ನು ಧೈರ್ಯ ಎಂದು ಯಾರೂ ಹೊಗಳಬೇಕಾಗಿಲ್ಲ. ಕೋಪ ನೆತ್ತಿಗೇರಿತ್ತು, ಅಷ್ಟೆ. ಆ ಒಂದು ಅಂಕಿ ಆ ಕಾಗದದ ಮೇಲೆ ನನ್ನದಾಗಿದ್ದ ಒಂದೇ ವಸ್ತು. ಉಳಿದದ್ದೆಲ್ಲ ಬಾಯಿಪಾಠ. ನನ್ನದನ್ನು ಅಳಿಸಿ ಅವರದನ್ನು ಬರೆದು ಆ ಸೀಟಿನಲ್ಲಿ ಹೋಗಿ ಕೂತರೆ, ಅಲ್ಲಿ ಕೂರುವವಳು ಯಾರು? ಹೀಗೆಲ್ಲ ಆಮೇಲೆ ಯೋಚಿಸಿದೆ. ಆವಾಗ ಬಾಯಿಗೆ ಬಂದದ್ದು ಆ ಒಂದೇ ಮಾತು. ನನ್ನನ್ನು ಕಂಪ್ಯೂಟರ್ ಮುಟ್ಟಲು ಬಿಡಲಿಲ್ಲ. ಹೊರಗೆ ಬಂದು ಬ್ಯಾಗು ಎತ್ತಿಕೊಂಡು ನಡೆದೆ.

ಪ್ರೋಗ್ರಾಮಿಂಗ್ ಲ್ಯಾಬಿನಲ್ಲಿ ಫೇಲು ಎಂದು ಫಲಿತಾಂಶ ಬಂತು. ಉಳಿದದ್ದರಲ್ಲೆಲ್ಲ ಪಾಸು. ಮನೆಯಲ್ಲಿ ಅಮ್ಮಿ ಹಣೆ ಚಚ್ಚಿಕೊಂಡರು. ಅವರು ಹೇಳಿದ್ದನ್ನೇ ಬರೆದು ಬರೋಕೆ ನಿನಗೇನಾಗಿತ್ತು, ಎಲ್ಲ ಮಕ್ಕಳೂ ಬರೆಯಲಿಲ್ಲವೇ ಎಂದು ಉರ್ದುವಿನಲ್ಲಿ ಬೈದು, ಸಾಲದೆಂದು ಪಕ್ಕದ ಮನೆಗೂ ಕೇಳಲಿ ಅಂತ ಕನ್ನಡದಲ್ಲೂ ಬೈದರು. ಅಬ್ಬಾ ಬೈಯಲಿಲ್ಲ. ಬೇಯಿಸಿದ ಗೂಡಿನ ವಾಸನೆಯ ಕೈ ಒರೆಸಿಕೊಳ್ಳುತ್ತ, ಏನು ತಪ್ಪಾಯಿತು ಹೇಳು ಎಂದರು. ಪಿಟಿ ಮೇಷ್ಟ್ರ ಸಾಲಿನಲ್ಲಿ ನಮ್ಮ ಮನೆಯವರನ್ನೇ ನಿಲ್ಲಿಸಿ ಕತೆ ಹೇಳಿದೆ. ಮಂಚದ ಮೇಲಿದ್ದ ದಾದಿ ಅಷ್ಟನ್ನೂ ಕೇಳಿ, “ನನ್ನ ಹಿಂದೆ ಆ ಮಗೂನ ನಿಲ್ಸಿದ್ರಾ? ಅದಿನ್ನೂ ಎಡವ್ತಾನೇ ನಡೆಯುತ್ತೆ, ಬಿದ್ದುಹೋಗಲ್ವಾ?” ಎಂದರು. ಅವರ ಉರ್ದು ಮಾತಿನ ಸಾರ ಇಷ್ಟು. ನಾನು ಅಳುತ್ತಲೇ ನಕ್ಕೆ. ಒಂದು ಕಾಲೇಜಿಗೆ ಕಾಣದಿದ್ದ ಕೊನೆಯ ಮಗು ದಾದಿಗೆ ಕಂಡಿತಲ್ಲ ಎಂದು ಅವರ ಮೇಲೂ ಯಾಕೋ ಕೋಪ ಬಂತು.

ಖಾಲಿ ಸೀಟು ಮೆಕ್ಯಾನಿಕಲ್ಲಿನ ಒಬ್ಬನಿಗೆ ಹೋಯಿತು. ಪೆರೇಸಂದ್ರದ ಕಡೆಯವನು, ಒಳ್ಳೆಯವನೇ. ಅವನ ಮೇಲೆ ನನಗೆ ದೂರಿಲ್ಲ. ನಾನು ಸಿವಿಲ್ಲಿನಲ್ಲಿ ಎರಡನೇ ವರ್ಷಕ್ಕೆ ಕೂತೆ. ಸಿಮೆಂಟು, ಜಲ್ಲಿ, ಸರ್ವೆ. ಅದನ್ನು ಕೀಳಾಗಿ ಕಾಣುತ್ತಿಲ್ಲ. ಈಗ ಅದರಿಂದಲೇ ಬದುಕುತ್ತಿದ್ದೇನೆ, ಗೋಡೆ ಸೊಟ್ಟಗಿದ್ದರೆ ಸೊಟ್ಟ ಎಂದು ಹೇಳುವ ಕೆಲಸ, ನನಗೆ ಒಗ್ಗುತ್ತದೆ. ಆದರೆ ಆಗ ಕಂಪ್ಯೂಟರ್ ಲ್ಯಾಬಿನ ಬಾಗಿಲ ಮುಂದೆ ಹಾದುಹೋಗಬೇಕಾದಾಗಲೆಲ್ಲ ಮುಖ ತಿರುಗಿಸಿಕೊಂಡು ಬಿರಬಿರನೆ ನಡೆಯುತ್ತಿದ್ದೆ. ಮೇಡಂ ಕಾರಿಡಾರಿನಲ್ಲಿ ಎದುರಾದರೆ ಫೋನು ನೋಡಿಕೊಳ್ಳುತ್ತಿದ್ದರು.

ಬಾಕಿ ಉಳಿದ ಲ್ಯಾಬನ್ನು ಮುಂದಿನ ವರ್ಷ ಹೊಸದಾಗಿ ಸೇರಿದವರ ಜೊತೆ ಮತ್ತೆ ಬರೆಯಬೇಕಿತ್ತು. ಅದರ ಹಿಂದಿನ ವಾರ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನ ಹುಡುಗಿ ಹಳೇ ರಾಗದಲ್ಲೇ ಹೇಳುತ್ತಿದ್ದಳು: “ಜೆ ಲೆಸ್ ದ್ಯಾನ್ ಎನ್ ಮೈನಸ್ ಐ ಮೈನಸ್ ಒನ್...”

ನಾನು ಅವಳ ಕೈಯಿಂದ ಮ್ಯಾನುಯಲ್ ಕಿತ್ತುಕೊಂಡೆ. ಹೊಸ ರಟ್ಟು, ಹೊಸ ಜೆರಾಕ್ಸು. ಆ ಸಾಲಿನಲ್ಲಿ ಅಚ್ಚುಕಟ್ಟಾಗಿ ಒಂದು ಎಂದು ಇತ್ತು. ಕೆಳಗಿನ ಇನ್‌ಪುಟ್ ಮಾತ್ರ ಅದೇ: ನಲವತ್ತು, ಹತ್ತು, ಮೂವತ್ತು, ಇಪ್ಪತ್ತು, ಐವತ್ತು.

“ಏನಾಯ್ತಕ್ಕ? ತಪ್ಪು ಹೇಳಿದ್ನಾ?” ಎಂದು ಹುಡುಗಿ ಗಾಬರಿಯಾದಳು.

“ಇಲ್ಲಮ್ಮ. ಸರಿಯಾಗೇ ಹೇಳಿದೆ,” ಎಂದು ಕೊಟ್ಟುಬಿಟ್ಟೆ.

ಬಸ್ಸಿಳಿದು ನೇರ ಮೇಡಂ ಕೋಣೆಗೆ ಹೋದೆ. ಮ್ಯಾನುಯಲ್ ತಿದ್ದಿದ್ದೀರಲ್ಲ ಎಂದೆ. ಅವರ ಮುಖ ಅರಳಿತು. ಒಂದು ವರ್ಷದಿಂದ ಈ ಮಾತಿಗೇ ಕಾದಿದ್ದವರ ಹಾಗೆ ಹೇಳಿದರು: “ಹೂಂ ಕಣಮ್ಮ. ನಿಂದೇ ಸರಿ ಇತ್ತಲ್ಲ. ಹೊಸದು ಟೈಪ್ ಮಾಡ್ಸುವಾಗ ನಾನೇ ನೆನಪಿಟ್ಕೊಂಡು ಬದಲಾಯಿಸ್ದೆ.”

“ನನ್ನ ಅಂಕ ಮೇಡಂ?”

“ಅದು ಆಗ್ಹೋಯ್ತಲ್ಲಮ್ಮ,” ಎಂದರು. “ರಿಸಲ್ಟ್ ಬಂದ್ಮೇಲೆ ಯಾರೇನ್ ಮಾಡೋಕಾಗುತ್ತೆ?”

ಪುಸ್ತಕ ತಿದ್ದಬಹುದು, ಯಾರಿಗೂ ಗೊತ್ತಾಗದ ಹಾಗೆ, ಯಾರ ಸಹಿಯ ಹೆದರಿಕೆಯೂ ಇಲ್ಲದೆ. ಆದರೆ ತಪ್ಪು ತೋರಿಸಿದವಳಿಗೆ ಆದದ್ದನ್ನು ತಿದ್ದಲು ಬರುವುದಿಲ್ಲ. ಅವತ್ತು ನಾನು ಅವರ ಮೇಜಿನ ಮೇಲಿದ್ದ ಹೊಸ ಮ್ಯಾನುಯಲ್ಲುಗಳ ಕಟ್ಟನ್ನು ನೆಲಕ್ಕೆ ಎಸೆಯಬೇಕಿತ್ತು. ಎಸೆಯಲಿಲ್ಲ. ಬಾಗಿಲು ಮಾತ್ರ ಜೋರಾಗಿ ಹಾಕಿದೆ.

ಪರೀಕ್ಷೆಯ ದಿನ ಚೀಟಿಯ ಡಬ್ಬ ನನ್ನವರೆಗೆ ಬರಲೇ ಇಲ್ಲ. ಮೇಡಂ ತಾವೇ ಒಂದು ಮಡಚಿದ ಚೀಟಿ ತಂದು ನನ್ನ ಕೈಗಿಟ್ಟು ಬೇಗ ಹೊರಟುಹೋದರು. ಬಿಡಿಸಿದರೆ ಅದೇ ಪ್ರೋಗ್ರಾಮು. ಅವರ ಲೆಕ್ಕದಲ್ಲಿ ಅದು ಉಪಕಾರ. ನನಗೆ ಬೇಕಿರಲಿಲ್ಲ. ಬೇರೆ ಯಾವುದೇ ಬಂದಿದ್ದರೂ ಬರೆಯುತ್ತಿದ್ದೆ. ಹೋದ ವರ್ಷ ಬರೆದದ್ದನ್ನೇ, ಒಂದಕ್ಷರ ಬದಲಿಸದೆ, ಬರೆದು ಕೊಟ್ಟೆ.

ಈ ಸಲದ ಪರೀಕ್ಷಕರು ಬೇರೆಯವರು. ಪೆನ್ನು ಸಾಲು ಸಾಲಾಗಿ ಇಳಿಯಿತು. ಎಲ್ಲೂ ನಿಲ್ಲಲಿಲ್ಲ. “ಸಿವಿಲ್‌ನವಳಾ? ಪರವಾಗಿಲ್ವೇ. ಮ್ಯಾನುಯಲ್ಲಲ್ಲಿ ಹೇಗಿದ್ಯೋ ಹಾಗೇ ಬರ್ದಿದ್ದೀಯ.”

“ಇಲ್ಲ ಸಾರ್,” ಎಂದೆ. “ನಾನು ಬರ್ದಿದ್ದ ಹಾಗೆ ಮ್ಯಾನುಯಲ್ ಇದೆ.”

ಅವರು ತಮಾಷೆ ಎಂದುಕೊಂಡು ನಕ್ಕು ಕಂಪ್ಯೂಟರ್ ಕಡೆ ಕೈ ತೋರಿಸಿದರು. ಪಕ್ಕದಲ್ಲಿ ನಿಂತಿದ್ದ ಮೇಡಂ ನಗಲಿಲ್ಲ.

ಟೈಪು ಮಾಡಿ ಓಡಿಸಿದೆ. ಪರದೆ ಅಂಕಿ ಕೇಳಿದಾಗ ಮನೆಯವರನ್ನೇ ನಿಲ್ಲಿಸಿದೆ. ಎಲ್ಲರಿಗೂ ಒಂದೊಂದು ವರ್ಷ ಹೆಚ್ಚಾಗಿತ್ತು. ದಾದಿ, ಅಬ್ಬಾ, ಅಮ್ಮಿ, ನಾನು, ಕೊನೆಗೆ ಮಗು. ಉತ್ತರದಲ್ಲಿ ಮಗು ಮೊದಲು ಬಂತು, ದಾದಿ ಕೊನೆಗೆ. ಪರೀಕ್ಷಕರು ಬಗ್ಗಿ ನೋಡಿದರು. ಹುಬ್ಬು ಗಂಟಾಯಿತು.

“ಇದ್ಯಾವುದಮ್ಮ ಅಂಕಿ? ಸರಿಯಾದ ಇನ್‌ಪುಟ್ ಹಾಕು.”

ನಾನು ಬಾಯಿ ತೆರೆಯುವಷ್ಟರಲ್ಲಿ ಮೇಡಂ ಮುಂದೆ ಬಂದರು. “ಸಾರ್, ಅದೂ ಸರೀನೇ. ಯಾವ ಅಂಕಿ ಹಾಕಿದ್ರೂ ಬರುತ್ತೆ. ನಾನು ನೋಡಿದೀನಿ,” ಎಂದರು. ದನಿ ಗಟ್ಟಿಯಾಗಿಯೇ ಇತ್ತು. ಇಡೀ ಲ್ಯಾಬಿಗೆ ಕೇಳಿಸಿತು. ಪರೀಕ್ಷಕರು ಹೂಂ ಎಂದು ಅಂಕ ಹಾಕಿ ಮುಂದಿನವಳನ್ನು ಕರೆದರು. ಅಷ್ಟು ಸುಲಭ. ಅಷ್ಟು ಸುಲಭವಾಗಿ ಆಗುವ ಕೆಲಸ ಅದು.

ಮೇಡಂ ನನ್ನ ಕಡೆ ತಿರುಗಿ, ಇನ್ನಾದರೂ ಸರಿಹೋಯಿತಲ್ಲ ಎನ್ನುವಂತೆ ಸಣ್ಣಗೆ ನಕ್ಕರು. ಹೋದ ವರ್ಷ ಇದೇ ಕೋಣೆಯಲ್ಲಿ, ಇದೇ ಮಾತಿಗೆ, ನನ್ನ ಸೀಟು ಕಾದಿತ್ತು. ಈಗ ಅದರಲ್ಲಿ ಬೇರೆಯವನು ಕೂತು ಒಂದು ವರ್ಷವಾಗುತ್ತ ಬಂದಿತ್ತು. ನಾನು ಕಂಪ್ಯೂಟರ್ ಆರಿಸಿ, ಬ್ಯಾಗು ತೆಗೆದುಕೊಂಡು, ಅವರಿಗೆ ಥ್ಯಾಂಕ್ಸ್ ಹೇಳದೆ ಹೊರಗೆ ಬಂದೆ.